ಹದಿನೇಳನೇ ಪದ್ಯ ಮತ್ತು ಹಿದುಕಿದ ಅವರೆಬೇಳೆ

ಆ ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಮನೆಯ ನಡುಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ನೆಲದ ಮೇಲೆ ಚಾಪೆ ಹಾಸಿಕೊಂಡು, ನೆನೆದು ಉಬ್ಬಿದ ಅವರೆಕಾಳಿನ ಬೇಸಿನ್ನನ್ನು ಮುಂದಿಟ್ಟುಕೊಂಡು ಕೂತಿದ್ದವಳು ನನ್ನ ಹೆಂಡತಿ ಸರೋಜ. ಅವಳ ಪಕ್ಕದಲ್ಲಿ ಒಂದೊಂದು ಕಾಳಿಗೆ ಒಂದೊಂದು ನಿಟ್ಟುಸಿರು ಬಿಡುತ್ತ ಕೂತಿದ್ದವಳು, ಚನ್ನರಾಯಪಟ್ಟಣದಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ನಮ್ಮ ಗೌರಕ್ಕ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಇಂಜೆಕ್ಷನ್ನಿಗೆ ಕಾದು ಕೂತವನ ಹಾಗೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದವನು ಅಕ್ಕನ ಮಗ ರುದ್ರೇಶ. ನಾಲ್ಕನೆಯವನು ನಾನು. ನಾನು ಕುರ್ಚಿಯ ಮೇಲಿದ್ದೆ. ಅವರೆಕಾಳು ಹಿದುಕುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ನಾನು ಯಾವಾಗಲೂ ಕುರ್ಚಿಯ ಮೇಲೇ ಇರುತ್ತೇನೆ. ಈ ಒಂದು ವಾಕ್ಯದಲ್ಲಿ ನನ್ನ ದಾಂಪತ್ಯದ ಚರಿತ್ರೆಯ ಮುಕ್ಕಾಲು ಪಾಲು ಬಂದುಹೋಯಿತು ಎಂದು ಈಗ ಅನ್ನಿಸುತ್ತದೆ. ಆವತ್ತು ಅನ್ನಿಸಿರಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನಾನು ಕವಿ. ಅದರಲ್ಲೂ ಪ್ರೇಮಕವಿ. ಹೊಟ್ಟೆಪಾಡಿಗೆ ಒಂದು ಕಚೇರಿಯಲ್ಲಿ ರವಾನೆ ಗುಮಾಸ್ತನಾಗಿದ್ದು ಈಗ ನಿವೃತ್ತನಾಗಿದ್ದೇನೆ. ರವಾನೆ ಗುಮಾಸ್ತನ ಕೆಲಸವೇನೆಂದರೆ, ಯಾರೋ ಯಾರಿಗೋ ಬರೆದ ಕಾಗದವನ್ನು ಲಕೋಟೆಗೆ ಹಾಕಿ, ಮೇಲೆ ವಿಳಾಸ ಬರೆದು, ಅಂಟು ಹಚ್ಚಿ ಕಳಿಸುವುದು. ಒಳಗೇನಿದೆ ಎಂದು ಅವನು ಓದಬೇಕಾಗಿಲ್ಲ. ಓದಿದರೆ ತಪ್ಪು ಕೂಡ. ಪ್ರೀತಿಯ ವಿಷಯದಲ್ಲೂ ನಾನು ಮೂವತ್ತು ವರ್ಷ ಇದೇ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದೆ. ಗಂಡ ಹೆಂಡಿರು ಹೇಗಿರಬೇಕು, ಒಬ್ಬರು ಮುನಿದರೆ ಇನ್ನೊಬ್ಬರು ಏನು ಮಾಡಬೇಕು, ಇಬ್ಬರೂ ಒಟ್ಟಿಗೆ ಮುನಿದರೆ ಮೊದಲು ಯಾರು ಕರಗಬೇಕು ಎಂದೆಲ್ಲ ಲಕೋಟೆಯ ಮೇಲೆ ಬರೆದ ಹಾಗೆ ದುಂಡಗೆ ನೂರೆಂಟು ಪದ್ಯ ಬರೆದು, ‘ಪ್ರೇಮೋಪದೇಶ ನೂರೆಂಟು’ ಎಂದು ಹೆಸರಿಟ್ಟು ಅಚ್ಚು ಹಾಕಿಸಿದೆ. ನಮ್ಮಜ್ಜ ಬದುಕಿದ್ದಿದ್ದರೆ ತಡೆಯುತ್ತಿದ್ದರೋ ಏನೋ. ನನಗೆ ಅಕ್ಷರ ಕಲಿಸಿದ್ದು ಶಾಲೆಯಾದರೂ ಮಾತು ಕಲಿಸಿದ್ದು ಅವರೇ. ಹೇಮಾವತಿ ದಡದಲ್ಲಿ ನಿಂತು, ‘ಈಜು ಹೆಂಗೆ ಹೊಡೆಯೋದು ಹೇಳಿಕೊಡಿ ಅಜ್ಜ’ ಎಂದು ನಾನು ಕೇಳಿದರೆ, ‘ಯೋಳಿಕೊಟ್ರೆ ಬರಾಕಿಲ್ಲ ಕಣ್ಲಾ, ನೀರು ಕುಡುದ್ರೆ ಬತ್ತದೆ’ ಎಂದು ಹಿಂದಿನಿಂದ ತಳ್ಳಿಬಿಟ್ಟಿದ್ದರು. ಈಜು ಬಂತು. ಮಾತು ಮಾತ್ರ ತಲೆಗೆ ಹೋಗಲಿಲ್ಲ.

ಪುಸ್ತಕವನ್ನು ಅಂಗಡಿಯಲ್ಲಿ ಯಾರೂ ಕೊಳ್ಳದಿದ್ದರೂ ನನಗೇನೂ ಬೇಜಾರಿರಲಿಲ್ಲ. ಯಾಕೆಂದರೆ ನಮ್ಮ ಕಡೆ ಮದುವೆಗೆ ಹೋದ ಮೇಲೆ ಮುಯ್ಯಿ ಮಾಡದೆ ಬರುವುದು ಮರ್ಯಾದಸ್ಥರ ಲಕ್ಷಣವಲ್ಲ. ಒಬ್ಬರು ಕುಕ್ಕರ್ ಕೊಡುತ್ತಾರೆ, ಇನ್ನೊಬ್ಬರು ಗೋಡೆ ಗಡಿಯಾರ ಕೊಡುತ್ತಾರೆ, ನಾನು ಪುಸ್ತಕ ಕೊಡುತ್ತಿದ್ದೆ. ಒಳಪುಟದಲ್ಲಿ ‘ನವದಂಪತಿಗಳಿಗೆ ದಾರಿದೀಪವಾಗಲಿ’ ಎಂದು ಬರೆದು ರುಜು ಹಾಕಿ ಕೊಡುತ್ತಿದ್ದೆ. ಹಿರೀಸಾವೆಯಿಂದ ಹೊಳೆನರಸೀಪುರದವರೆಗೆ ನಮ್ಮ ನೆಂಟರಿಷ್ಟರಲ್ಲಿ ನನ್ನ ದೀಪ ಉರಿಯದ ಹೊಸ ಸಂಸಾರವೇ ಇರಲಿಲ್ಲ. ನನ್ನ ಹಿಂದೆಯೇ ಸರೋಜ ಬಂದು, ಒಂದು ಸ್ಟೀಲಿನ ಡಬರಿಯನ್ನೋ ಚೊಂಬನ್ನೋ ಸದ್ದಿಲ್ಲದೆ ಮದುಮಗಳ ಕೈಗಿಡುತ್ತಿದ್ದಳು ಎಂಬುದು ನನಗೆ ತಿಳಿದದ್ದು ತೀರ ಇತ್ತೀಚೆಗೆ.

ಎರಡು ವರ್ಷದ ಹಿಂದೆ ರುದ್ರೇಶನ ಮದುವೆಯಲ್ಲೂ ಕೊಟ್ಟೆ. ಈ ರುದ್ರೇಶನ ಬಗ್ಗೆ ಒಂದು ಮಾತು ಹೇಳಬೇಕು. ಚನ್ನರಾಯಪಟ್ಟಣದಲ್ಲಿ ಅವನದು ಮೋಟರಿಗೆ ಕಾಯಿಲ್ ಕಟ್ಟುವ ಅಂಗಡಿ. ತೋಟದ ಬೋರಿನಲ್ಲಿ ಸುಟ್ಟುಹೋದ ಮೋಟರು ಬಂದರೆ ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಜೀವ ಬರಿಸಿ ಕಳಿಸುತ್ತಾನೆ. ಇಷ್ಟು ಸುತ್ತು ಎಂದು ಬರೆದಿದ್ದರೆ ಇಷ್ಟೇ ಸುತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥ ಶಿಸ್ತಿನ ಮನುಷ್ಯನ ಕೈಗೆ ಪದ್ಯದ ಪುಸ್ತಕ ಕೊಡುವುದು ಎಷ್ಟು ಅಪಾಯ ಎಂದು ಕವಿಗಳು ಯೋಚಿಸಬೇಕು. ನಾನು ಯೋಚಿಸಿರಲಿಲ್ಲ.

“ಲೇ ನಂಜುಂಡ, ಹನ್ನೊಂದು ದಿನ ಆಯ್ತು ಕಣ್ಲಾ, ಸೊಸೆ ಶೋಭ ಅರಕಲಗೂಡಿಗೆ ಅವರಪ್ಪನ ಮನೆಗೆ ಹೋಗಿ,” ಎಂದಳು ಅಕ್ಕ. “ಅವಾಗ ನಾನೂ ಮನೇಲಿರ್ಲಿಲ್ಲ. ಫೋನ್ ಮಾಡಿದ್ರೆ ‘ಬತ್ತೀನಿ ಅತ್ತೆ’ ಅಂತಾಳೆ, ಬರಾಕಿಲ್ಲ. ಇವನ್ನ ಏನಾಯ್ತೋ ಅಂತ ಕೇಳಿದ್ರೆ ಗೂಬೆ ನೋಡ್ದಂಗೆ ನೋಡ್ತಾನೆ, ಬಾಯೇ ಬಿಡಾಕಿಲ್ಲ. ನೀನು ಪ್ರೀತಿ ಪ್ರೇಮ ಅಂತ ಅಷ್ಟು ದಪ್ಪ ಪುಸ್ತಕ ಬರ್ದಿದ್ದೀಯಲ್ಲಪ್ಪ, ಏನಾರ ಒಂದು ದಾರಿ ಹೇಳು.”

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಂತೋಷವಾಯಿತು. ಅಕ್ಕನ ಮನೆ ಒಡೆಯುವಂತಿದೆ, ನನಗೆ ಸಂತೋಷ! ಆದರೆ ಪ್ರೀತಿಯ ವಿಚಾರದಲ್ಲಿ ನನ್ನನ್ನು ಒಬ್ಬರು ಮನೆ ಹುಡುಕಿಕೊಂಡು ಬಂದು ಸಲಹೆ ಕೇಳಿದ್ದು ಅದೇ ಮೊದಲು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ರುದ್ರೇಶನೇ ಬಾಯಿಬಿಟ್ಟ.

“ಮಾವ, ಹದಿನೇಳು ಮಾಡ್ದೆ. ನಾಲ್ಕು ದಿನ ಬಿಡದೆ ಮಾಡ್ದೆ. ಕೆಲಸ ಮಾಡ್ಲಿಲ್ಲ. ಮುಂದಿಂದು ಯಾವುದು ಮಾಡ್ಲಿ?”

“ಏನಪ್ಪ ಹದಿನೇಳು?”

“ನಿಮ್ಮ ಹದಿನೇಳನೇ ಪದ್ಯ.”

ನನಗೆ ತಕ್ಷಣ ನೆನಪಾಗಲಿಲ್ಲ. ಬರೆದವನಿಗೆ ಮರೆತುಹೋದ ಪದ್ಯವನ್ನು ಅವನು ಸ್ಟೂಲಿನಿಂದ ಎದ್ದು ನಿಂತು, ಶಾಲೆಯ ಮಕ್ಕಳು ಒಪ್ಪಿಸುವ ಹಾಗೆ ಕೈಕಟ್ಟಿಕೊಂಡು ಒಪ್ಪಿಸಿದ:

ಮಾತಿಗೆ ಸಿಕ್ಕಿದ ಪ್ರೀತಿಯು ಕಿರಿದು,
ಮೌನದ ಒಡಲಲಿ ಪ್ರೀತಿಯು ಹಿರಿದು;
ನಲ್ಲೆಯು ಮುನಿದರೆ ತುಟಿಗಳ ಬಿಗಿದು
ಕಣ್ಣಲೆ ನುಡಿ ನೀ, ಕಣ್ಣಲೆ ಕರೆದು.

ಸರೋಜಳ ಕೈ ನಿಂತಿತು. ಅವಳ ಬೆರಳ ಸಂದಿಯಲ್ಲಿದ್ದ ಕಾಳು ಅಲ್ಲೇ ಉಳಿಯಿತು. “ಅಂದ್ರೆ ನೀನು ನಾಲ್ಕು ದಿನ ಶೋಭಳ ಜೊತೆ ಮಾತೇ ಆಡ್ಲಿಲ್ವಾ?” ಎಂದಳು.

ಕಥೆ ಹೊರಗೆ ಬಂತು. ಅವರೆಕಾಯಿ ಕಾಲ ಶುರುವಾದ ಕೂಡಲೇ ತವರಿಗೆ ಕರೆದುಕೊಂಡು ಹೋಗುತ್ತೇನೆಂದು ಇವನು ಹೆಂಡತಿಗೆ ಮಾತು ಕೊಟ್ಟಿದ್ದ. ಅಂಗಡಿ ತುಂಬ ಸುಟ್ಟ ಮೋಟರು ಬಂದು ಕೂತು ಮಾತು ಮರೆತ. ಅವಳು ಮುಖ ಸಣ್ಣ ಮಾಡಿಕೊಂಡಳು. ಇವನು ಏನು ಮಾಡಬೇಕೆಂದು ಪುಸ್ತಕ ತೆಗೆದು ನೋಡಿದ. ‘ನಲ್ಲೆಯು ಮುನಿದರೆ’ ಎಂಬುದು ಹದಿನೇಳರಲ್ಲಿ ಸಿಕ್ಕಿತು. ಅಲ್ಲಿಂದ ತುಟಿ ಬಿಗಿದು, ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತ ಕೂತ. ಅವಳು ಒಲೆ ಹತ್ತಿರ ಹೋದರೆ ಒಲೆ ಕಡೆ, ಕೊಳಾಯಿ ಹತ್ತಿರ ಹೋದರೆ ಕೊಳಾಯಿ ಕಡೆ. ಮೊದಲ ದಿನ ಅವಳು ಏನಾಯಿತೆಂದು ಕೇಳಿದಳು. ಎರಡನೆಯ ದಿನ ಹಣೆ ಮುಟ್ಟಿ ನೋಡಿದಳು. ಮೂರನೆಯ ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ನಾಲ್ಕನೆಯ ದಿನ ತಾನೇ ರಾಜಿಗೆ ಬಂದು, ಎರಡು ಸೇರು ಅವರೆಕಾಳು ಹಿದುಕಿ, ಸಾರು ಮಾಡಿ, ಬಿಸಿ ಮುದ್ದೆ ಇಟ್ಟು, ‘ಹೆಂಗೈತೆ?’ ಎಂದು ಕೇಳಿದಳು.

“ನೀನೇನು ಅಂದೆ?” ಎಂದೆ, ಉತ್ತರ ಗೊತ್ತಿದ್ದೂ.

“ಕಣ್ಣಲ್ಲೇ ಅಂದೆ ಮಾವ. ಇಷ್ಟಗಲ ಬಿಟ್ಟು ನೋಡ್ದೆ.” ಅಷ್ಟಗಲ ಬಿಟ್ಟು ತೋರಿಸಿದ. ಅಕ್ಕ ‘ಅಯ್ಯೋ ಶಿವನೇ’ ಎಂದು ಹಿಂದಕ್ಕೆ ಸರಿದಳು. “ಅವಳು ತಟ್ಟೆ ಎತ್ಕೊಂಡು ಒಳಕ್ಕೋದ್ಲು. ಸಾಯಂಕಾಲ ನಾನು ಅಂಗಡಿಯಿಂದ ಬರೋ ಹೊತ್ಗೆ ಬ್ಯಾಗೂ ಇರ್ಲಿಲ್ಲ, ಪುಸ್ತಕಾನೂ ಇರ್ಲಿಲ್ಲ.”

ನಾನು ಪದ್ಯವನ್ನು ಸಮರ್ಥಿಸಿಕೊಳ್ಳಲು ನೋಡಿದೆ. ಮೌನವೆಂದರೆ ಬರೀ ಬಾಯಿ ಮುಚ್ಚುವುದಲ್ಲ, ಅದು ಅಂತರಂಗದ ಒಂದು ಸ್ಥಿತಿ, ನಾನು ಅನುಭವದಿಂದಲೇ ಬರೆದದ್ದು ಎಂದೆ. ಅನುಭವ ಎಂಬ ಮಾತು ಕಿವಿಗೆ ಬಿದ್ದದ್ದೇ ಸರೋಜ ತಿರುಗಿದಳು.

“ಯಾವ ಅನುಭವ ರೀ? ಅದು ನೀವು ದವಡೆ ಹಲ್ಲು ಕೀಳಿಸ್ಕೊಂಡು, ಬಾಯಿ ತುಂಬ ಹತ್ತಿ ಇಟ್ಕೊಂಡು ಬಂದಾಗ ಬರೆದಿದ್ದಲ್ವಾ?”

 ನಿಜವೇ. ಆ ಎರಡು ದಿನ ನನಗೆ ಮಾತಾಡಲು ಆಗಿರಲಿಲ್ಲ. ಸರೋಜ ಗಂಜಿ ಮಾಡಿ, ಆರಿಸಿ, ಚಮಚದಲ್ಲಿ ಕುಡಿಸಿದ್ದಳು. ಕೆನ್ನೆಗೆ ಬಟ್ಟೆ ಶಾಖ ಕೊಟ್ಟಿದ್ದಳು. ಆಹಾ, ನಾನು ಮೌನವಾಗಿದ್ದರೆ ಈಕೆಯ ಪ್ರೀತಿ ಹೇಗೆ ಉಕ್ಕುತ್ತದೆ ಎಂದು ನಾನು ಮಲಗಿದಲ್ಲೇ ಪದ್ಯ ಕಟ್ಟಿ, ಚೀಟಿಯಲ್ಲಿ ಬರೆದು ಅವಳಿಗೇ ತೋರಿಸಿದ್ದೆ. ಗಂಜಿ ಕುಡಿಸಿದ ಕೈಯ ಬಗ್ಗೆ ಬರೆಯಬೇಕಾದ ಪದ್ಯವನ್ನು ಹತ್ತಿ ತುಂಬಿದ ಬಾಯಿಯ ಬಗ್ಗೆ ಬರೆದಿದ್ದೆ. ವಿಳಾಸ ತಪ್ಪಿತ್ತು. ರವಾನೆ ಗುಮಾಸ್ತನಿಗೆ ಇದಕ್ಕಿಂತ ಅವಮಾನವಿಲ್ಲ.

“ಏಳಿ, ಅರಕಲಗೂಡಿಗೆ ಹೋಗಿಬರೋಣ,” ಎಂದಳು ಸರೋಜ. ಅಕ್ಕ ಬರುವುದಿಲ್ಲ ಎಂದಳು. “ನಾನು ಬಂದ್ರೆ ಅತ್ತೆ ಜಗಳಕ್ಕೆ ಬಂದ್ಲು ಅಂತಾಯ್ತದೆ. ನೀವೋಗಿ. ನಾನು ಮನೆ ಕಾಯ್ಕೊಂಡಿರ್ತೀನಿ.” ಆದರೆ ಅವರೆಕಾಳು? ನೆನೆದ ಕಾಳನ್ನು ಆವತ್ತೇ ಹಿದುಕದಿದ್ದರೆ ಹುಳಿ ವಾಸನೆ ಬಂದು ಹಾಳಾಗುತ್ತದೆ. ಅಕ್ಕನ ಕೈಗೆ ಬಿಟ್ಟರೆ ಒಂದೊಂದು ನಿಟ್ಟುಸಿರಿಗೆ ಒಂದೊಂದು ಕಾಳು. ಸರೋಜ ನೀರು ಬಸಿದು, ಕಾಳನ್ನು ಬೇಸಿನ್ನಿನ ಸಮೇತ ದೊಡ್ಡ ಚೀಲದೊಳಕ್ಕೆ ಇಳಿಸಿಕೊಂಡು ಹೊರಟೇಬಿಟ್ಟಳು. ಒಡೆದ ಸಂಸಾರ ಸರಿಮಾಡಲು ಹೊರಟವರು ಹಣ್ಣು ಹೂವು ಒಯ್ಯುವುದನ್ನು ಕಂಡಿದ್ದೇನೆ. ಅರ್ಧ ಹಿದುಕಿದ ಅವರೆಕಾಳು ಒಯ್ದದ್ದು ನಾವೇ ಮೊದಲಿರಬೇಕು.

ಸರ್ಕಾರಿ ಬಸ್ಸಿನಲ್ಲಿ ಸರೋಜಳಿಗೆ ಹೆಂಗಸರ ಸೀಟು ಸಿಕ್ಕಿತು. ನಾನೂ ರುದ್ರೇಶನೂ ಪಕ್ಕದಲ್ಲಿ ಕಂಬಿ ಹಿಡಿದು ನಿಂತೆವು. ಬಸ್ಸು ಊರು ದಾಟುವ ಮೊದಲೇ ಅವಳು ಬೇಸಿನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹಿದುಕಲು ಶುರುಮಾಡಿದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಂದು ಹದದಲ್ಲಿ ಅಮುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಆಚೆ ಬರುತ್ತದೆ. ಒಂದು ಕಾಳಿಗೆ ಒಂದು ಕ್ಷಣ ಸಾಕು. ಆದರೆ ಒಂದು ಹೊತ್ತಿನ ಸಾರಿಗೆ ಎಷ್ಟು ಕಾಳು ಬೇಕೆಂದು ಎಣಿಸಿದ ಗಂಡಸು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ಮುಂದಿನ ಸೀಟಿನ ಮುದುಕಿ ವಾಸನೆಗೇ ತಿರುಗಿದಳು. “ಯಾವೂರ ಕಾಳವ್ವ?”

“ದೊಡ್ಡಗದ್ದವಳ್ಳಿ ಕಡೇದು.”

“ಅದ್ಕೇಯ, ಸೊಗಡು ಘಮ್ ಅಂತದೆ. ಇತ್ತಾಗೆ ಕೊಡು ಒಂದಿಡಿ.” ಕೈ ಚಾಚಿ ಒಂದು ಹಿಡಿ ತೆಗೆದುಕೊಂಡು ಅವಳೂ ಹಿದುಕಲು ಕೂತಳು. ಅವಳನ್ನು ನೋಡಿ ಪಕ್ಕದವಳು, ಪಕ್ಕದವಳನ್ನು ನೋಡಿ ಹಿಂದಿನವಳು. ಬಸ್ಸಿನ ಅರ್ಧ ಭಾಗ ಅವರೆಕಾಳು ಹಿದುಕತೊಡಗಿತು. ಕಾಳು ಹಿದುಕುವ ಕೈಗಳಿದ್ದ ಮೇಲೆ ಮಾತು ಬೇಕಲ್ಲ! ಸರೋಜ ಹದಿನೇಳನೇ ಪದ್ಯದ ಕಥೆಯನ್ನು ಹಲ್ಲು ಕೀಳಿಸಿಕೊಂಡದ್ದರ ಸಮೇತ ಹೇಳಿ ಮುಗಿಸಿದಳು. ನನ್ನ ಯಾವ ಪದ್ಯಕ್ಕೂ ಅಷ್ಟು ಕೇಳುಗರು ಸಿಕ್ಕಿರಲಿಲ್ಲ.

ಟಿಕೆಟ್ಟು ಕೊಡಲು ಬಂದ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಸಾ, ಹದಿನೇಳು ನೀವೇನಾ?”

“ಹೂಂ,” ಎಂದೆ.

“ಮಾತಾಡ್ದೆ ಇದ್ರೆ ಪ್ರೀತಿ ಜಾಸ್ತಿ ಆಯ್ತದಾ ಸಾ? ಅಂಗಾದ್ರೆ ನಮ್ಮನೇಲಿ ಆರು ತಿಂಗ್ಳಿಂದ ಬೋ ಪ್ರೀತಿ ನಡೀತಾ ಐತೆ.”

ಹೆಂಗಸರೆಲ್ಲ ಘೊಳ್ಳೆಂದರು. “ನೀನು ಮಾತಾಡ್ಸು ಓಗಲಾ, ಮೀಸೆ ಉದ್ರೋಗಾಕಿಲ್ಲ,” ಎಂದಳು ಮುಂದಿನ ಸೀಟಿನ ಮುದುಕಿ. ಅರಕಲಗೂಡಿನಲ್ಲಿ ಇಳಿಯುವಾಗ ಎಲ್ಲರೂ ತಮ್ಮ ತಮ್ಮ ಹಿಡಿಯ ಬೇಳೆಯನ್ನು ತಂದು ಬೇಸಿನ್ನಿಗೆ ಸುರಿದರು. ಬಸ್ಸು ಹೊರಡುವಾಗ ಕಂಡಕ್ಟರು ಬಾಗಿಲಲ್ಲಿ ನಿಂತು, “ಒಳ್ಳೇದಾಗ್ಲಿ, ಹದಿನೇಳು ಸಾ!” ಎಂದು ಕೂಗಿದ. ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾವ್ಯನಾಮ ಸಿಗಲಿಲ್ಲವೆಂಬ ಕೊರಗು ನನಗೆ ಬಹಳ ದಿನದಿಂದ ಇತ್ತು.

ಶೋಭಳ ತಂದೆ ಸಿದ್ದಪ್ಪನವರು ಬೀಗರೆಂದು ಮರ್ಯಾದೆಯಿಂದಲೇ ಬರಮಾಡಿಕೊಂಡು ಅಂಗಳದಲ್ಲಿ ನನಗೊಂದು ಕುರ್ಚಿ ಹಾಕಿದರು. ಆದರೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಅವರ ತಾಯಿ, ಶೋಭಳ ಅಜ್ಜಿ, ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ಅಗಲ ಮಾಡಿದರು. “ಬಾರಪ್ಪ ಕವಿ. ನಮ್ಮ ಉಡುಗೀಗೆ ಅದೇನು ಬರ್ದು ಕೊಟ್ಟಿದ್ಯಪ್ಪ? ಅನ್ನ ನೀರು ಬುಟ್ಟು ಅದ್ನೇ ಓದ್ತಾ ಕುಂತವಳೆ.”

ಬಸ್ಸಿನಲ್ಲಿ ನಿಂತೇ ತಯಾರಿ ಮಾಡಿಕೊಂಡಿದ್ದ ಭಾಷಣವನ್ನು ನಾನು ಪ್ರಾರಂಭಿಸಿದೆ. “ದಾಂಪತ್ಯವೆಂಬುದು ಎರಡು ಚಕ್ರದ ರಥ…”

“ಗಾಡಿ ಇಚಾರ ಆಮ್ಯಾಕೆ. ಮೊದ್ಲು ನೀರು ಕುಡಿ,” ಎಂದರು ಅಜ್ಜಿ.

ಶೋಭ ಒಳಗಿನಿಂದ ಬಂದಳು. ಕೈಯಲ್ಲಿ ನನ್ನ ಪುಸ್ತಕ. ಗಂಡನ ಕಡೆ ತಿರುಗಿಯೂ ನೋಡದೆ ನೇರವಾಗಿ ನನ್ನ ಮುಂದೆ ಬಂದು ನಿಂತಳು. ಗಂಡನ ಸೋದರಮಾವನಾದ ನಾನು ಅವಳಿಗೆ ಚಿಕ್ಕಪ್ಪನ ವರಸೆ.

“ಚಿಕ್ಕಪ್ಪ, ನಾನೇನೂ ಕೋಪ ಮಾಡ್ಕೊಂಡು ಬಂದು ಕುಂತಿಲ್ಲ. ನೀವು ಬರ್ದಂಗೇ ನಡ್ಕೊಂಡಿದೀನಿ. ಇಲ್ಲಿ ನೋಡಿ, ನಲವತ್ತೆರಡು.” ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಪುಟ ತೆಗೆದು ಓದಿದಳು:

ಅಗಲಿಕೆಯೆಂಬುದು ಒಲವಿಗೆ ಗೊಬ್ಬರ,
ಇಳಿಸುವುದದುವೇ ಮುನಿಸಿನ ಅಬ್ಬರ;
ಕೆಲದಿನ ದೂರಕೆ ಸರಿಯಲಿ ಒಬ್ಬರು,
ಕೂಡುವರಾಗಲೆ ಮನದಲಿ ಇಬ್ಬರು.

“ಕೆಲದಿನ ಅಂದ್ರೆ ಎಷ್ಟು ದಿನ ಅಂತ ಮಾತ್ರ ನೀವು ಬರ್ದಿಲ್ಲ. ಅದಕ್ಕೇ ಕಾಯ್ತಾ ಇದೀನಿ.”

“ಗೊಬ್ರ ಜಾಸ್ತಿ ಆದ್ರೆ ಗಿಡ ಸುಟ್ಟೋಯ್ತದೆ ಕಣಪ್ಪ,” ಎಂದರು ಅಜ್ಜಿ. “ಆಲೂಗೆಡ್ಡೆ ಹಾಕೋರ್ನ ಕೇಳು.”

ನಾನು ನೆಲ ನೋಡಿದೆ. ಆ ನಲವತ್ತೆರಡನೆಯದು ಹುಟ್ಟಿದ್ದು ಸರೋಜ ತಮ್ಮನ ಮದುವೆ ಕೆಲಸಕ್ಕೆಂದು ತವರಿಗೆ ಹೋಗಿದ್ದಾಗ. ಮೊದಲ ಎರಡು ದಿನ ಹೋಟೆಲಿನ ದೋಸೆ ತಿಂದು ಪರಮಾನಂದದಲ್ಲಿದ್ದೆ. ಪದ್ಯ ಬರೆದದ್ದು ಆಗ. ಮೂರನೆಯ ದಿನ ಹಾಲು ಉಕ್ಕಿ ಒಲೆ ಆರಿತು, ಸಕ್ಕರೆ ಡಬ್ಬಿ ಸಿಗಲಿಲ್ಲ, ಮನೆಯೊಳಗೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿ ಒಂಥರಾ ಆಯಿತು. ನಾಲ್ಕನೆಯ ದಿನ ಕರೆಯದೆಯೇ ಮಾವನ ಮನೆ ಬಾಗಿಲಲ್ಲಿ ನಿಂತಿದ್ದೆ. ಆಮೇಲಿನ ಎರಡು ದಿನಗಳ ಬಗ್ಗೆ ಪದ್ಯ ಬರೆಯಲಿಲ್ಲ. ಪ್ರಾಸ ಸಿಕ್ಕಿರಲಿಲ್ಲ.

ಶೋಭಳ ದನಿ ಈಗ ಬೇರೆಯಾಯಿತು. “ನಾಲ್ಕು ದಿನ ಗೋಡೆ ಜೊತೆ ಸಂಸಾರ ಮಾಡ್ದೆ ಚಿಕ್ಕಪ್ಪ. ಜ್ವರ ಬಂತೇನೋ, ಯಾರಾದ್ರೂ ಏನಾರ ಅಂದ್ರೇನೋ ಅಂತ ಒದ್ದಾಡ್ದೆ. ಕೊನೆಗೆ, ನನ್ನ ಕಂಡ್ರೇ ಬೇಜಾರಾಗೈತೆ, ಅದ್ನ ಬಾಯಲ್ಲಿ ಹೇಳೋಕಾಗ್ದೆ ಹಿಂಗೆ ನೋಡ್ತಾರೆ ಅನ್ಕೊಂಡೆ. ಅದು ನಿಜ ಆದ್ರೆ ಹೇಳ್ಬಿಡ್ಲಿ. ನಾನು ಇಲ್ಲೇ ಇದ್ಬುಡ್ತೀನಿ.” ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಿದ್ದಪ್ಪನವರು ನನ್ನನ್ನು ನೋಡಿದರು. ರುದ್ರೇಶ ನನ್ನನ್ನು ನೋಡಿದ. ಮುಂದಿನ ಪದ್ಯದ ಸಂಖ್ಯೆ ಹೇಳುತ್ತೇನೆಂದು ಅವನಿನ್ನೂ ಕಾಯುತ್ತಿದ್ದ. ನೂರೆಂಟರಲ್ಲಿ ಒಂದಾದರೂ ನೆನಪಿಗೆ ಬರಬೇಕೆ! ಬಂದಿದ್ದರೂ ಹೇಳುವ ಧೈರ್ಯವಿರಲಿಲ್ಲ.

ಸರೋಜ ಚಾಪೆ ಹಾಸಿಕೊಂಡು ಅಂಗಳದ ನಡುವೆ ಬೇಸಿನ್ನು ಇಟ್ಟಳು. “ಇನ್ನೂ ಅರ್ಧ ಐತೆ. ರುದ್ರೇಶ, ಬಂದು ಕೂತ್ಕೊ. ಹಿದುಕು. ಶೋಭ, ನೀನೂ ಬಾ, ಇವನಿಗೆ ಬರಲ್ಲ.”

ಕೂದಲಿನಷ್ಟು ಸಣ್ಣ ತಂತಿಯನ್ನು ತುಂಡಾಗದಂತೆ ಸುತ್ತುವ ಕೈ ರುದ್ರೇಶನದು. ಆದರೆ ಅವರೆಕಾಳಿನ ಮುಂದೆ ಸೋತುಹೋಯಿತು. ಮೊದಲ ಕಾಳು ಅಪ್ಪಚ್ಚಿಯಾಯಿತು. ಎರಡನೆಯದು ಹಾರಿ ಅಜ್ಜಿಯ ಮಡಿಲಿಗೆ ಬಿತ್ತು. ಮೂರನೆಯದು ನನ್ನ ಕನ್ನಡಕಕ್ಕೆ ಬಡಿಯಿತು. ನಾಲ್ಕನೆಯದೂ ಅಪ್ಪಚ್ಚಿಯಾದಾಗ, ಅಷ್ಟು ಹೊತ್ತು ಮುಖ ತಿರುಗಿಸಿ ಕೂತಿದ್ದ ಶೋಭಳಿಗೆ ತಡೆಯಲಾಗಲಿಲ್ಲ.

“ಅಂಗಲ್ಲಾ ರೀ! ಮೋಟ್ರು ಬಿಚ್ದಂಗೆ ಬಿಚ್ತೀರಲ್ಲ. ಒಂದು ತುದಿ ಹಿಡ್ಕೊಂಡು ಮೆತ್ತಗೆ ಅಮುಕಿ. ಹಿಂಗೆ.”

ಅವನು ಹಾಗೆ ಮಾಡಿದ. ಬೇಳೆ ಇಡಿಯಾಗಿ ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಹತ್ತು ಕಾಳು ಆಯಿತು, ಇಪ್ಪತ್ತಾಯಿತು. ಬೇಸಿನ್ನಿನಲ್ಲಿ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಹೆಬ್ಬೆರಳು ಉಜ್ಜಿಕೊಂಡ.

“ಅವತ್ತು ಎಷ್ಟೊತ್ತು ಹಿದುಕ್ದೆ ಶೋಭ?”

“ಬೆಳಿಗ್ಗೆ ನೀವು ಅಂಗಡಿಗೆ ಹೋದಾಗಿಂದ ಊಟಕ್ಕೆ ಬರೋಗಂಟ.”

“ಒಬ್ಳೇ?”

“ಇನ್ಯಾರು ಬಂದಿದ್ರು?”

ಅವನು ಕೈ ನಿಲ್ಲಿಸಿದ. “ಸಾರು ಬಾಳ ಚೆನ್ನಾಗಿತ್ತು ಕಣೇ. ಮೂರು ಮುದ್ದೆ ಉಂಡೆ. ಅಂಥ ಸಾರು ನಾನು ಯಾವತ್ತೂ ಉಂಡಿಲ್ಲ. ಹೇಳ್ಬೇಕು ಅಂತ ನಾಲಿಗೆ ತುದೀಲಿತ್ತು.”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ಹದಿನೇಳನೇ ಪದ್ಯ…”

ಎಲ್ಲರೂ ಒಟ್ಟಿಗೆ ತಲೆ ತಿರುಗಿಸಿ ನನ್ನನ್ನು ನೋಡಿದರು. ಕಟ್ಟಿಹಾಕಿದ್ದ ಎಮ್ಮೆ ಕೂಡ ನೋಡಿತು ಎಂದು ನನ್ನ ಭಾವನೆ. ನಾನು ಕುರ್ಚಿಯಿಂದ ಎದ್ದೆ. ಬೇರೆ ದಾರಿಯಿರಲಿಲ್ಲ. ಚಾಪೆಯ ಅಂಚಿನಲ್ಲಿ ಕೂತು, ಬೇಸಿನ್ನಿಗೆ ಕೈ ಹಾಕಿದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರ ನಗುವಿಗೆ ಸಿದ್ದಪ್ಪನವರು ನಕ್ಕರು, ಶೋಭ ನಕ್ಕಳು. ಹೆಂಡತಿ ನಕ್ಕದ್ದನ್ನು ನೋಡಿ ರುದ್ರೇಶನ ಕಣ್ಣಲ್ಲಿ ನೀರು ಬಂತು. ಈ ಸಲ ಕಣ್ಣು ನಿಜವಾಗಿ ಏನೋ ಹೇಳಿತು. ಆದರೂ ಅವನು ಅದನ್ನು ನಂಬದೆ, “ಬಾ ಶೋಭ, ಮನೆಗೆ ಹೋಗಣ. ನೀನಿಲ್ದೆ ಆಗಾಕಿಲ್ಲ,” ಎಂದು ಬಾಯಲ್ಲೂ ಹೇಳಿದ.

“ನಾಳೆ ಬತ್ತೀನಿ. ಇವತ್ತು ಎಲ್ರೂ ಹಿದುಕಿದ ಬೇಳೆ ಸಾರು ಉಂಡ್ಕೊಂಡು ಇಲ್ಲೇ ಇರಿ,” ಎಂದಳು ಶೋಭ. ಒಳಗೆ ಹೋಗುವಾಗ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. “ಹರಿದು ಒಲೆಗೆ ಹಾಕಣ ಅನ್ಕೊಂಡೆ ಚಿಕ್ಕಪ್ಪ. ಸರಸ್ವತಿ ಅಲ್ವಾ, ಮನಸ್ಸು ಬರ್ಲಿಲ್ಲ. ನೀವೇ ಇಟ್ಕೊಳಿ.”

ಮಾರನೆಯ ದಿನ ಅವರಿಬ್ಬರೂ ಚನ್ನರಾಯಪಟ್ಟಣದ ಬಸ್ಸು ಹತ್ತಿದರು, ನಾವು ಹಾಸನದ ಬಸ್ಸು ಹತ್ತಿದೆವು. ಎರಡು ಹೆಬ್ಬೆರಳೂ ನೋಯುತ್ತಿದ್ದವು. ಉಗುರ ಸಂದಿಯಲ್ಲಿ ಅವರೆಯ ಸೊಗಡು. ಕಿಟಕಿಯ ಪಕ್ಕ ಕೂತಿದ್ದ ಸರೋಜಳನ್ನು ಕೇಳಿದೆ, “ನನ್ನ ಪದ್ಯ ಓದಿ ನೀನು ಯಾವತ್ತಾದರೂ ಹೀಗೆ ಏನಾದರೂ ಮಾಡಿದ್ದೀಯಾ?”

“ನಾನು ಮೂರನೇ ಪುಟದಿಂದ ಮುಂದಕ್ಕೆ ಓದಿಲ್ಲ ರೀ.”

“ಓದೇ ಇಲ್ವಾ!”

“ಓದಿ ಅದರಂಗೆ ನಡೆದಿದ್ರೆ ಮೂವತ್ತು ವರ್ಷ ಸಂಸಾರ ಆಗ್ತಿತ್ತಾ?”

ನನಗೆ ತುಸು ಸಿಟ್ಟೇ ಬಂತು. “ಮತ್ತೆ ಪ್ರತಿ ಕವಿಗೋಷ್ಠಿಗೂ ಬಂದು ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುತ್ತೀಯಲ್ಲ? ಪದ್ಯ ಗೊತ್ತಿಲ್ಲದೆ ಅದು ಮುಗಿದದ್ದು ಹೇಗೆ ಗೊತ್ತಾಗುತ್ತೆ?”

“ಪದ್ಯ ಮುಗೀತಿದ್ದಂಗೆ ನೀವು ಕನ್ನಡಕ ತೆಗೀತೀರಿ,” ಎಂದಳು. “ಎಲ್ಲಿ ಮುಗಿಯುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಸುಮ್ನೆ ಕೂತಿರ್ತಾರೆ. ನಿಮ್ಮ ಮುಖ ನೋಡೋಕಾಗಲ್ಲ. ಅದಕ್ಕೆ ಕನ್ನಡಕ ತೆಗೆದ ಕೂಡಲೇ ನಾನು ಶುರುಮಾಡ್ತೀನಿ. ಒಬ್ರು ಹೊಡೆದ್ರೆ ಎಲ್ರೂ ಹೊಡೀತಾರೆ.”

ನನ್ನ ಕನ್ನಡಕದ ಅಭ್ಯಾಸ ನನಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಮಾತಾಡಲಿಲ್ಲ. ಇದು ಹದಿನೇಳನೇ ಪದ್ಯದ ಮೌನವಲ್ಲ ಎಂದು ಅವಳಿಗೆ ತಿಳಿಸಲು ನಡುವೆ ಒಂದು ಸಲ ಕಡಲೆಕಾಯಿ ಕೊಡಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಹೊಳೆನರಸೀಪುರದಲ್ಲಿ ಒಂದು ಕವಿಗೋಷ್ಠಿ ಇತ್ತು. ಇನ್ನು ಮೇಲೆ ಉಪದೇಶದ ಪದ್ಯ ಬರೆಯುವುದಿಲ್ಲ, ಅನುಭವದ ಪದ್ಯ ಮಾತ್ರ ಎಂದು ತೀರ್ಮಾನಿಸಿ ಇಪ್ಪತ್ತೆಂಟು ಸಾಲು ಬರೆದುಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಸರೋಜ, ಅವಳ ಪಕ್ಕದಲ್ಲಿ ಶೋಭ, ರುದ್ರೇಶ. ನಾನು ಓದಲು ಶುರುಮಾಡಿದೆ:

ಸಿಪ್ಪೆಯು ಸಡಿಲದೆ ಬೇಳೆಯು ಬಾರದು,
ಬೆರಳದು ನೋಯದೆ ಸಾರಾಗದು;
ಪಕ್ಕದಿ ಕೂತರೆ ಕೆಲಸವು ಸಾಗಿತು,
ಕುರ್ಚಿಯಲಿರೆ ಏನೂ ಆಗದು.

ಐದನೆಯ ಸಾಲು ‘ಆದುದರಿಂದಲಿ ಕೇಳಿರಿ ತರುಣರೆ’ ಎಂದಿತ್ತು. ಅಲ್ಲಿಂದ ಮುಂದೆ ತರುಣರಿಗೆ ಇಪ್ಪತ್ತನಾಲ್ಕು ಸಾಲು ಬುದ್ಧಿಮಾತು. ಉಸಿರು ಎಳೆದುಕೊಂಡೆ. ಕನ್ನಡಕದ ಗಾಜು ಮಸುಕಾಗಿತ್ತು. ಒರೆಸಿಕೊಳ್ಳೋಣವೆಂದು ತೆಗೆದೆ.

ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಬಂತು. ಮರುಕ್ಷಣ ಇನ್ನೆರಡು. ಆಮೇಲೆ ಸಭೆಯೆಲ್ಲ ಚಪ್ಪಾಳೆ ತಟ್ಟಿತು. “ಚೆನ್ನಾಗಿತ್ತು ಮಾವ!” ಎಂದು ರುದ್ರೇಶ ಗಟ್ಟಿಯಾಗಿ ಕೂಗಿದ, ಈಚೆಗೆ ಅವನು ಎಲ್ಲವನ್ನೂ ಗಟ್ಟಿಯಾಗಿಯೇ ಹೇಳುತ್ತಾನೆ. ಅಧ್ಯಕ್ಷರು ಮೈಕ್ ತೆಗೆದುಕೊಂಡು, ಕವಿಗಳು ಈ ಸಲ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾರೆ, ಇದು ಅವರ ಅತ್ಯುತ್ತಮ ಪದ್ಯ ಎಂದರು. ನಾನು ಉಳಿದ ಸಾಲುಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು ಕೆಳಗಿಳಿದು ಬಂದೆ.

“ಇನ್ನೂ ಮುಗಿದಿರಲಿಲ್ಲ,” ಎಂದೆ ಸರೋಜಳಿಗೆ.

“ನೀವು ಕನ್ನಡಕ ತೆಗೆದ್ರಿ,” ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು. “ಏಳಿ, ನಾಲ್ಕು ಗಂಟೆ ಬಸ್ಸಿಗೆ ಹೋಗ್ಬಿಡೋಣ. ಕಾಳು ನೆನೆಹಾಕಿ ಬಂದಿದೀನಿ. ಈ ಸಲ ಎರಡು ಪಟ್ಟು ಹಾಕಿದೀನಿ, ಹಿದುಕೋಕೆ ಇಬ್ರಿದೀವಲ್ಲ.”